ಮಳೆ ಡಬ್ಬಿ ನರಸಪ್ಪ

ಹಿಂದಿನ ದಿನ ನಾವು ಸೊಪ್ಪಿನ ವಿಷಯಕ್ಕೆ ಜಗಳ ಆಡಿದೆವು. ದಿನಾ ಆಡುವ ಜಗಳವೇ. ರೇಷ್ಮೆ ಹುಳು ಕೊನೆಯ ಜ್ವರದಿಂದ ಎದ್ದಿದ್ದವು. ಜ್ವರ ಅಂದರೆ ಹುಳು ತಿನ್ನುವುದು ಬಿಟ್ಟು ಮಲಗಿ ಪೊರೆ ಬಿಡುವುದು. ಎದ್ದ ಮೇಲೆ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ನೆನೆದ ಸೊಪ್ಪು ಹಾಕಿದರೆ ರೋಗ ಬಂದು ಸಾಯುತ್ತವೆ. ಹಾಗಾಗಿ ಮಳೆಗೆ ಮುಂಚೆ ಕೊಯ್ದು ಒಳಗೆ ಹಾಕಿಕೊಳ್ಳಬೇಕು. ನಮ್ಮ ಮನೆಯವರು, ನರಸಪ್ಪ, ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಮಳೆಯ ನಕ್ಷೆ ನೋಡುತ್ತಿದ್ದರು.

"ಕುಡುಗೋಲು ಹಿಡ್ಕೊಳ್ರಿ," ಎಂದೆ.

"ಇರೇ. ಮದನಪಲ್ಲಿ ಹತ್ರ ಒಂದು ಕೆಂಪು ಚುಕ್ಕೆ ಎದ್ದೈತೆ."

"ತಲೆ ಎತ್ತಿ ಆಕಾಶ ನೋಡಿ. ಅದು ಮೊಬೈಲಿಗಿಂತ ದೊಡ್ಡದೈತೆ."

"ಆಕಾಶದಾಗೆ ಮದನಪಲ್ಲಿ ಕಾಣಲ್ಲ ಕಣೇ."

ಮಗಳು ತನುಶ್ರೀ ನಕ್ಕಳು. ನಮಗೆ ಅವಳೊಬ್ಬಳೇ. ಚಿಂತಾಮಣಿಯಲ್ಲಿ ಡಿಗ್ರಿ ಓದುತ್ತಾಳೆ. ಯಾವ ಜಗಳದಲ್ಲೂ ಅವಳು ಅಪ್ಪನ ಕಡೆ.

ಆ ಕೆಂಪು ಚುಕ್ಕೆ ಎಲ್ಲಿ ಹೋಯಿತೋ, ನಮ್ಮ ಕೆಂಚಾರ್ಲಹಳ್ಳಿಗೆ ಹನಿ ಬೀಳಲಿಲ್ಲ. ಸಂಜೆ ಮೂವರೂ ಸೊಪ್ಪು ಹೊತ್ತೆವು. ಮುದ್ದೆಗೆ ಹುರುಳಿ ಸಾರು ಮಾಡಿದ್ದೆ. ಉಪ್ಪು ಜಾಸ್ತಿ ಅಂದರು. ಅಂದುಕೊಂಡೇ ಎರಡು ಸಲ ಹಾಕಿಸಿಕೊಂಡರು. ಆ ದಿನದಲ್ಲಿ ಇನ್ನೇನೂ ಇಲ್ಲ.

ಊರಲ್ಲಿ ಅವರಿಗೆ ಮಳೆ ಡಬ್ಬಿ ನರಸಪ್ಪ ಎಂದು ಹೆಸರು. ಆ ಹೆಸರಿನ ಕಥೆ ಶುರುವಾದದ್ದು ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ. ಗೂಡು ಮಾರಲು ಹೋದವರು ಅಲ್ಲಿ ಹರಿಕೃಷ್ಣ ಎಂಬ ಮನುಷ್ಯನನ್ನು ಕಂಡರು. ಜನವೆಲ್ಲ ಗೂಡು ನೋಡುತ್ತಿದ್ದರೆ ಅವನೊಬ್ಬ ಹೊರಗೆ ನಿಂತು ಮೋಡದ ಫೋಟೋ ಹಿಡಿಯುತ್ತಿದ್ದ. ಚಿಕ್ಕಬಳ್ಳಾಪುರದಲ್ಲಿ ಯಾವುದೋ ಆಫೀಸಿನಲ್ಲಿ ಕೆಲಸ. ಮೊಬೈಲಿನಲ್ಲಿ ಅವನದೊಂದು ಗ್ರೂಪು, ಗುಡುಗು ಬಳಗ ಅಂತ. ನಮ್ಮವರು ಗೂಡು ಕೊಟ್ಟು ಗ್ರೂಪು ತಂದರು.

ಗೌರಿಬಿದನೂರಿನವರು, ಚಿಂತಾಮಣಿಯವರು, ಅಲೀಪುರದವನೊಬ್ಬ, ಎಲ್ಲ ಇದ್ದರು. ಹೆಚ್ಚಿನವರಿಗೆ ಹೊಲ ಇಲ್ಲ. ಮಳೆ ಬಂದರೂ ಸಂಬಳ, ಬಾರದಿದ್ದರೂ ಸಂಬಳ. ಅಂಥವರಿಗೆ ಮಳೆ ಅಂದರೆ ಸಿನಿಮಾ. ಯುಗಾದಿ ಕಳೆದು ಬಿಸಿಲು ಏರಿತೋ, ಮಧ್ಯಾಹ್ನದಿಂದ ಶುರು. ಎಲ್ಲಿ ಎದ್ದಿತು, ಎತ್ತ ತಿರುಗಿತು, ಯಾರ ಊರಿಗೆ ಬಡಿಯಿತು. ತಮ್ಮೂರಿಗೆ ಬಂದರೆ ಗೆದ್ದ ಹಾಗೆ ಕುಣಿಯುತ್ತಾರೆ. ಪಕ್ಕದ ಊರಿಗೆ ಹೋದರೆ ಹೆಣ್ಣು ಕೊಡುತ್ತೇನೆಂದು ಕೊಡದೆ ಹೋದ ಹಾಗೆ ಮುಖ ಮಾಡುತ್ತಾರೆ. ಕಾರು ಹತ್ತಿ ಸ್ಕಂದಗಿರಿ ಕಡೆ ಹೋಗಿ ಮಿಂಚಿನ ವಿಡಿಯೋ ಹಿಡಿಯುತ್ತಾರೆ. ಮಿಂಚು ಕಂಡರೆ ನಮ್ಮ ಹಸು ಕೂಡ ಕೊಟ್ಟಿಗೆಗೆ ಓಡುತ್ತದೆ. ಇವರು ಎದುರಿಗೆ ಓಡುತ್ತಾರೆ.

ಆಲಿಕಲ್ಲು ಬಿದ್ದರಂತೂ ಅವರಿಗೆ ಹಬ್ಬ. ಕಲ್ಲಿನ ಪಕ್ಕ ನಿಂಬೆಹಣ್ಣು ಇಟ್ಟು ಫೋಟೋ ಹಾಕಬೇಕು, ಎಷ್ಟು ದಪ್ಪ ಅಂತ ಗೊತ್ತಾಗಲು. ಒಂದು ವರ್ಷ ನಮ್ಮೂರ ನಲ್ಲಪ್ಪನ ದ್ರಾಕ್ಷಿ ಚಪ್ಪರ ಆಲಿಕಲ್ಲಿಗೆ ನೆಲ ಕಚ್ಚಿತು. ನಮ್ಮವರು ನಿಂಬೆಹಣ್ಣು ಜೇಬಿಗೆ ಹಾಕಿಕೊಂಡು ನೇರ ಅಲ್ಲಿಗೇ ಹೋದರು.

ನಲ್ಲಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದನಂತೆ. "ನರಸಪ್ಪಣ್ಣ, ಆ ನಿಂಬೆಹಣ್ಣು ಇತ್ತ ಕೊಡು, ನಿನ್ ತಲೆಗೆ ಉಜ್ಜಿ ಕಳಿಸ್ತೀನಿ," ಅಂದನಂತೆ.

ಮನೆಗೆ ಬಂದು ಇದನ್ನು ಅವರೇ ಹೇಳಿಕೊಂಡು ನಕ್ಕರು. ಫೋಟೋ ಮಾತ್ರ ಹಾಕಲಿಲ್ಲ. ಅಷ್ಟು ನಾಚಿಕೆ ಅವರಿಗಿತ್ತು. ಗ್ರೂಪಿನ ಉಳಿದವರಿಗೆ ಅದೂ ಇರಲಿಲ್ಲ.

ನಮ್ಮವರು ಹೇಳಿದ ಮಳೆ ಅರ್ಧ ಸಲ ಬರುತ್ತಿರಲಿಲ್ಲ. ಬರಲ್ಲ ಅಂದ ಮಳೆ ಬರುತ್ತಿತ್ತು. ಪಕ್ಕದ ಮನೆ ಚಿಕ್ಕವೆಂಕಟಮ್ಮ ಅವರ ಮಾತು ಕೇಳಿ ಹುಣಸೆಹಣ್ಣು ಒಣಗಲು ಹಾಕಿದಳು. ಅರ್ಧ ಗಂಟೆಯಲ್ಲಿ ಅಂಗಳವೆಲ್ಲ ಹುಳಿ ನೀರು.

"ವಾನ ರಾದು ಅನ್ನಾವು ಕದಪ್ಪಾ," ಎಂದು ಅವಳು ಗೋಡೆಯಾಚೆಯಿಂದ ಕೂಗಿದಳು. "ಮಳೆ ಬರಲ್ಲ ಅಂದ್ಯಲ್ಲ, ನಿನ್ ಗ್ರೂಪಿನೋರ್ನ ಕರೆಸು. ಎಲ್ಲಾರೂ ಒಂದೊಂದು ಲೋಟ ಕುಡ್ಕೊಂಡು ಹೋಗ್ಲಿ."

ಮಳೆ ಅಳೆಯುವ ಡಬ್ಬಿ ಕೊಟ್ಟವನೂ ಹರಿಕೃಷ್ಣನೇ. ಮೇಲೆ ಎಣ್ಣೆ ಸುರಿಯುವಂಥ ಲಾಳಿಕೆ, ಕೆಳಗೆ ಗೆರೆ ಹಾಕಿದ ಕೊಳವೆ. ಬೆಳಿಗ್ಗೆ ಎಂಟೂವರೆಗೆ ನೋಡಿ ಎಷ್ಟು ಮಳೆ ಎಂದು ಗ್ರೂಪಿಗೆ ಹಾಕಬೇಕು. ಹುಳು ಮನೆಯ ತಾರಸಿಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಅದರ ತುದಿಗೆ ಕಟ್ಟಿದರು. ಪಕ್ಕದಲ್ಲೇ ನಮ್ಮ ಹೊಂಗೆ ಮರ. ಬೇಸಿಗೆಯಲ್ಲಿ ಅದು ಸುಮ್ಮನೆ ಹೂವು ಉದುರಿಸುತ್ತಲೇ ಇರುತ್ತದೆ. ಒಂದು ಸಲ ಲಾಳಿಕೆಗೆ ಹೂವು ಕಟ್ಟಿಕೊಂಡಿತು. ಊರಲ್ಲಿ ಚರಂಡಿ ತುಂಬಿ ಹರಿಯುವಂಥ ಮಳೆ, ಡಬ್ಬಿಯಲ್ಲಿ ತಳ ನೆನೆಯುವಷ್ಟು ನೀರು. ಇದ್ದದ್ದನ್ನು ಇದ್ದ ಹಾಗೆ ಹಾಕಿದರು. ಗ್ರೂಪೆಲ್ಲ ನಕ್ಕಿತು.

"ನರಸಪ್ಪಣ್ಣ, ನಿಮ್ಮೂರಲ್ಲಿ ಕೊಡೆ ಹಿಡ್ಕೊಂಡಿದ್ರಾ ಡಬ್ಬಿಗೆ?" ಎಂದ ಹರಿಕೃಷ್ಣ. ಮರ ಕಡಿಸಿ ಎಂದೂ ಹೇಳಿದ.

ಮರ ಕಡಿಸಲಿಲ್ಲ. ಪೈಪು ಇನ್ನೂ ಉದ್ದ ಮಾಡಿದರು. ಹೂವು ಅಲ್ಲಿಗೂ ಬಿತ್ತು. ಅಂದಿನಿಂದ ಮೋಡ ಕಂಡರೆ ಸಾಕು, ತಾರಸಿ ಹತ್ತಿ ಲಾಳಿಕೆಯಲ್ಲಿ ಹೂವಿದೆಯೇ ಎಂದು ನೋಡುವುದು. ಕಂಡವರ ನಗುವಿಗೆ ಇಷ್ಟು ಹೆದರುವ ಮನುಷ್ಯ ಸಿಡಿಲಿಗೆ ಹೆದರುತ್ತಿರಲಿಲ್ಲ.

ಸೊಪ್ಪಿನ ಜಗಳದ ಮರುದಿನ ಮಧ್ಯಾಹ್ನ ನಾನು ಹುಳು ಮನೆಯೊಳಗೆ ಸೊಪ್ಪು ಹಾಕುತ್ತಿದ್ದೆ. ಅವರು ಬಾಗಿಲಲ್ಲಿ ಕೂತು ಮೊಬೈಲ್ ಒತ್ತುತ್ತಿದ್ದರು. ಬೆಳಿಗ್ಗೆಯೇ ಹರಿಕೃಷ್ಣ ಹೇಳಿಬಿಟ್ಟಿದ್ದ, ಇವತ್ತು ಚಿಂತಾಮಣಿ ಕಡೆಗೆ ಏನೂ ಇಲ್ಲ, ಎಲ್ಲ ಗೌರಿಬಿದನೂರಿಗೆ ಎಂದು. ಮಧ್ಯಾಹ್ನದ ಹೊತ್ತಿಗೆ ಮೂಡಲಲ್ಲಿ ಕಪ್ಪಾಯಿತು. ಗುಡುಗು ಕೇಳಿಸಿತು. ಆಗ ಅವನ ಆಡಿಯೋ ಬಂತು. ಇವರು ಜೋರಾಗಿ ಹಾಕಿಕೊಂಡು ಕೇಳುವವರು, ಹಾಗಾಗಿ ನನಗೂ ಕೇಳಿಸಿತು.

"ಸಾರಿ ಫ್ರೆಂಡ್ಸ್, ಟರ್ನ್ ಆಗ್ಬಿಡ್ತು. ಕೆಂಚಾರ್ಲಹಳ್ಳಿಗೆ ಡೈರೆಕ್ಟ್ ಹಿಟ್. ನರಸಪ್ಪಣ್ಣ, ಫನಲ್ ಕ್ಲೀನ್ ಇದ್ಯಾ ನೋಡ್ಕೊಳ್ಳಿ. ಹೋದ ಸಲದ ಥರ ನಗೆಪಾಟಲು ಆಗೋದು ಬೇಡ."

"ಹೋಗ್ಬೇಡಿ," ಎಂದೆ.

"ಹೂ ತೆಗೆದು ಬಂದ್ಬಿಡ್ತೀನಿ. ನೀನು ಸೊಪ್ಪು ಹಾಕು," ಎಂದರು.

ಸಿಡಿಲು ಬಿದ್ದಾಗ ಹುಳು ಕೂಡ ತಿನ್ನುವುದು ನಿಲ್ಲಿಸಿದವು. ನಾನು ಹತ್ತಿ ನೋಡಿದಾಗ ಅವರು ಪೈಪಿನ ಬುಡದಲ್ಲಿ ಬಿದ್ದಿದ್ದರು. ಹಿಡಿಯಲ್ಲಿ ಹೊಂಗೆ ಹೂವು ಇತ್ತು. ಅಂದರೆ ಕೆಲಸ ಮುಗಿದಿತ್ತು. ಆಮೇಲೆ ಮಳೆ ಬಂತು.

ಗ್ರೂಪಿನಲ್ಲಿ ಕೈ ಮುಗಿದ ಚಿತ್ರಗಳು ಬಂದವಂತೆ, ಸಾಲು ಸಾಲು. ಅದರ ಕೆಳಗೆ ಯಾರೋ ಕೇಳಿದ್ದರಂತೆ, ಕೆಂಚಾರ್ಲಹಳ್ಳಿ ಎಷ್ಟಾಯಿತು ಎಂದು.

ಸೂತಕದವರು ಹುಳು ಮನೆಯೊಳಗೆ ಕಾಲಿಡಬಾರದು. ಹುಳುವಿಗೆ ಆಗುವುದಿಲ್ಲ ಎನ್ನುತ್ತಾರೆ. ನನ್ನ ಹುಳುವಿಗೆ ಚಿಕ್ಕವೆಂಕಟಮ್ಮ ಸೊಪ್ಪು ಹಾಕಿದಳು. ನಾನು ಹೊರಗೆ ಗೋಡೆಗೆ ಒರಗಿ ಕೂತಿರುತ್ತಿದ್ದೆ. ಅಷ್ಟು ಹುಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದು ಥೇಟ್ ಸಣ್ಣ ಮಳೆ. ಮಳೆಯ ಸದ್ದೇ ಬೇಕಿದ್ದರೆ ಆ ಮನುಷ್ಯ ಒಳಗೆ ಕೂತಿದ್ದರೆ ಸಾಕಾಗಿತ್ತು.

ಹಾಲು ತುಪ್ಪ ಬಿಡುವ ದಿನ ಗುಂಡಿಯ ಹತ್ತಿರ ಹೋಗಿ ಬಂದೆವು. ನೆಂಟರು ಊಟಕ್ಕೆ ಕೂತರು. ತನುಶ್ರೀ ಕಾಣಲಿಲ್ಲ. ಹೊರಗೆ ಬಂದು ನೋಡಿದರೆ ತಾರಸಿಯ ಮೇಲೆ, ಪೈಪಿನ ಪಕ್ಕದಲ್ಲಿ, ಡಬ್ಬಿ ಇಳಿಸಿಕೊಂಡು ಕಣ್ಣಿಗೆ ಹಿಡಿದು ನೋಡುತ್ತಿದ್ದಾಳೆ.

"ಇಳಿಯೇ," ಎಂದೆ.

"ಇರಮ್ಮ."

"ಗ್ರೂಪಿನೋರು ಕೇಳಿದ್ರು ಅಂತ ಹತ್ತಿದ್ಯಾ? ಹೆಣ ಹೂತ ಮಣ್ಣು ಇನ್ನೂ ಒಣಗಿಲ್ಲ."

"ಅವರಿಗಲ್ಲ. ಅಪ್ಪ ಇದಕ್ಕೇ ಅಲ್ವಾ ಹತ್ತಿದ್ದು? ಎಷ್ಟು ಬಂತು ಅಂತ ನೋಡ್ದೆ ಚೆಲ್ಲೋದಾ?"

ಅವಳು ಗೆರೆ ನೋಡಿದಳು, ಗ್ರೂಪಿಗೆ ಹಾಕಿದಳು, ಆಮೇಲೆ ಆ ನೀರನ್ನು ಹೊಂಗೆ ಮರದ ಬುಡಕ್ಕೆ ಸುರಿದಳು.

ಆವತ್ತಿನಿಂದ ನನಗೆ ಹೋದವರ ಚಿಂತೆಗಿಂತ ಇದ್ದವಳ ಚಿಂತೆ ದೊಡ್ಡದಾಯಿತು. ಗ್ರೂಪಿನವರು ಅಪ್ಪನ ನಂಬರು ತೆಗೆದು ಅವಳ ನಂಬರು ಸೇರಿಸಿದರು. ಮೋಡ ಕಟ್ಟಿದರೆ ಪುಸ್ತಕ ಬಿಟ್ಟು ತಾರಸಿಗೆ ಓಡುತ್ತಾಳೆ, ಹೂವು ತೆಗೆಯಲು. ನಾನು ಏಣಿ ಎತ್ತಿ ಮನೆಯೊಳಗೆ ಇಟ್ಟುಕೊಂಡೆ. ಹೊಂಗೆ ಮರ ಹತ್ತಿ ಹೋದಳು. ಹಾರೆ ತಂದು ಪೈಪು ಕೀಳಲು ಹೋದೆ. ಪೈಪನ್ನು ಅಪ್ಪಿಕೊಂಡು ನಿಂತಳು. "ಅಪ್ಪಂದು ಅಂತ ಇರೋದು ಇದೊಂದೇ," ಎಂದಳು. ಚಪ್ಪಲಿ ಇದೆ, ಕುಡುಗೋಲು ಇದೆ, ಹೊಲ ಇದೆ, ನಾನಿದ್ದೇನೆ. ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ.

ಊರವರ ವಿಷಯ ಹೇಳುವುದೇ ಬೇಡ. ಪೈಪೇ ಸಿಡಿಲನ್ನು ಕರೆಯಿತು ಎಂದು ಅರಳಿಕಟ್ಟೆಯಲ್ಲಿ ತೀರ್ಪು ಕೊಟ್ಟವರೇ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು, "ತನುಶ್ರಮ್ಮ, ಇವತ್ತು ರಾಗಿ ಒಣಗಾಕ್ಬೋದಾ?" ಎಂದು ಕೇಳುತ್ತಾರೆ.

ಮುಂದಿನ ಬೇಸಿಗೆಗೆ ಗುಡುಗು ಬಳಗದವರು ಕಾರಿನಲ್ಲಿ ಬಂದರು. ಹರಿಕೃಷ್ಣ, ಅವನ ಜೊತೆ ಇಬ್ಬರು. ಅವರ ಕೈಯಲ್ಲಿ ಒಂದು ಬೋರ್ಡು, ಒಂದು ಶಾಲು. ಬೋರ್ಡಿನ ಮೇಲೆ ನರಸಪ್ಪ ಸ್ಮಾರಕ ಮಳೆ ಮಾಪನ ಕೇಂದ್ರ ಎಂದು ಬರೆಸಿದ್ದರು. ಅದನ್ನು ಪೈಪಿಗೆ ಕಟ್ಟಬೇಕಂತೆ. ಹೀರೋ ಹಾಗೆ ಹೋದರು, ಕರ್ತವ್ಯದಲ್ಲಿದ್ದಾಗಲೇ ಹೋದರು ಎಂದು ಹರಿಕೃಷ್ಣ ಹೇಳಿದ. ತನುಶ್ರೀ ಕಣ್ಣೊರೆಸಿಕೊಂಡಳು. ನಾನು ಶಾಲು ಮುಟ್ಟಲಿಲ್ಲ.

"ಯಾರು ಕೊಟ್ಟ ಕರ್ತವ್ಯ ಅದು?" ಎಂದು ಕೇಳಿದೆ.

"ಅಂದ್ರೆ, ಅವರ ಆಸಕ್ತಿ ಅಮ್ಮ. ಅವರ ಡೆಡಿಕೇಶನ್."

ಮೂಡಲಲ್ಲಿ ಮೋಡ ಎದ್ದಿತ್ತು. ಮೂವರೂ ನನ್ನ ಜೊತೆ ಮಾತಾಡುತ್ತಲೇ ಕಣ್ಣನ್ನು ಅತ್ತ ಬಿಟ್ಟಿದ್ದರು. ಸಾವಿನ ಮನೆಗೆ ಬಂದವರು ಅಡಿಗೆ ಮನೆ ಕಡೆ ನೋಡುತ್ತಾರಲ್ಲ, ಹಾಗೆ. ಒಮ್ಮೆ ಗುಡುಗಿತು.

ನಾನು ಒಳಗೆ ಹೋಗಿ ಏಣಿ ತಂದು ಗೋಡೆಗೆ ಒರಗಿಸಿದೆ.

"ಬೋರ್ಡು ಆಮೇಲೆ ಕಟ್ಟೋಣ. ಲಾಳಿಕೆಯಾಗೆ ಹೂ ಕಟ್ಕೊಂಡಿರ್ತೈತೆ. ಹತ್ತಿ ತೆಗೆದು ಬನ್ನಿ," ಎಂದೆ.

ಹರಿಕೃಷ್ಣ ಏಣಿ ನೋಡಿದ, ಮೋಡ ನೋಡಿದ. "ಈಗ ಬೇಡಮ್ಮ. ಗುಡುಗ್ತಾ ಇದೆ. ಇಂಥ ಹೊತ್ತಲ್ಲಿ ಮೇಲೆ ಹೋಗ್ಬಾರ್ದು."

"ಇದು ನಿಮಗೆ ಯಾವಾಗಿಂದ ಗೊತ್ತು?"

"ಎಲ್ಲರಿಗೂ ಗೊತ್ತಿರೋದೇ ಅಲ್ವಾಮ್ಮ," ಎಂದ. ಬಾಯಿಂದ ಬಂದ ಮೇಲೆ ಅವನಿಗೆ ಅರ್ಥವಾಯಿತು. ಮುಖ ಕೆಳಗೆ ಹಾಕಿದ.

"ಆವತ್ತು ಆಡಿಯೋದಾಗೆ ಈ ಮಾತು ಹೇಳಿದ್ರೆ ಆಗಿತ್ತು," ಎಂದೆ. "ಫನಲ್ ನೋಡ್ಕೊಳ್ಳಿ ಅಂದ್ರಿ. ನಗೆಪಾಟಲು ಆಗ್ಬೇಡಿ ಅಂದ್ರಿ. ಇದೊಂದು ಬಿಟ್ಟು ಎಲ್ಲಾ ಹೇಳಿದ್ರಿ."

ಜೊತೆಗೆ ಬಂದವನೊಬ್ಬ ಮೆಲ್ಲಗೆ ಮೊಬೈಲ್ ತೆಗೆದು, "ಶಿಡ್ಲಘಟ್ಟ ಕಡೆ ಹೋಗ್ತಿದೆ ಸರ್," ಎಂದ. ಗೌರವ ಕೊಡಲು ಬಂದವರಿಗೆ ಅಷ್ಟು ತಡೆದುಕೊಳ್ಳಲು ಆಗಲಿಲ್ಲ. ಕಾರು ಹತ್ತಿದರು. ಕೈ ಮುಗಿಯಲು ಹರಿಕೃಷ್ಣ ಕೈ ಎತ್ತಿದ, ಅರ್ಧಕ್ಕೇ ಇಳಿಸಿದ. ಬೋರ್ಡು ಜಗಲಿ ಮೇಲೇ ಉಳಿಯಿತು. ನೀರಿನ ಡ್ರಮ್ಮಿಗೆ ಮುಚ್ಚಳ ಇರಲಿಲ್ಲ, ಅದನ್ನೇ ಮುಚ್ಚಿದ್ದೇನೆ. ಬರೆದದ್ದು ಕೆಳಗಾಗಿದೆ.

ತನುಶ್ರೀ ಏಣಿಯ ಪಕ್ಕದಲ್ಲೇ ನಿಂತಿದ್ದಳು. ಮರುದಿನ ಬೆಳಿಗ್ಗೆ ಚೆನ್ನಾಗಿ ಬಿಸಿಲು ಬಂದ ಮೇಲೆ ತಾನೇ ಹತ್ತಿ, ಡಬ್ಬಿ ಬಿಚ್ಚಿ, ಪೈಪು ಕಿತ್ತು ಕೆಳಗೆ ಎಸೆದಳು. ಅಂಗಳದ ಕಲ್ಲು ಕಂಬದ ಮೇಲೆ, ಸೊಂಟದ ಎತ್ತರಕ್ಕೆ, ಡಬ್ಬಿ ಕೂರಿಸಿದಳು.

"ಅಳೆಯೋದು ಬಿಡಲ್ಲ," ಎಂದಳು. "ಆದ್ರೆ ಬೆಳಿಗ್ಗೆ ಮಾತ್ರ. ಗುಡುಗಿದ್ರೆ ಆಚೆ ಬರಲ್ಲ."

"ಮೋಡ ಬಂದಾಗ ಹೂ ಕಟ್ಕೊಂಡಿದ್ರೆ?"

ಅವಳು ತಲೆ ಎತ್ತಿ ಹೊಂಗೆ ಮರ ನೋಡಿದಳು.

ಗ್ರೂಪು ಇನ್ನೂ ಇದೆ. ಅವಳ ಮೊಬೈಲ್ ಮಧ್ಯಾಹ್ನವೆಲ್ಲ ಟಣ್ ಟಣ್ ಎನ್ನುತ್ತಲೇ ಇರುತ್ತದೆ. ಈಗ ಗುಡುಗು ಕೇಳಿದರೆ ಒಳಗೆ ಬನ್ನಿ ಎಂದು ಹರಿಕೃಷ್ಣ ಮೊದಲೇ ಹೇಳುತ್ತಾನಂತೆ. ಹೇಳಲಿ. ಸತ್ತವರಿಗೆ ಕೇಳಿಸುವುದಿಲ್ಲ.

ನಾನು ಬೆಳಿಗ್ಗೆ ಎದ್ದು ಕಸ ಗುಡಿಸುವ ಮುಂಚೆ ಕಲ್ಲು ಕಂಬದ ಹತ್ತಿರ ಹೋಗುತ್ತೇನೆ. ಒಳಗೆ ಎಷ್ಟು ನೀರಿದೆ ಎಂದು ನೋಡುವುದಿಲ್ಲ, ಅದು ನನ್ನ ಕೆಲಸವಲ್ಲ. ಲಾಳಿಕೆಯಲ್ಲಿ ಬಿದ್ದ ಹೊಂಗೆ ಹೂವನ್ನು ಬೆರಳಲ್ಲಿ ತೆಗೆಯುತ್ತೇನೆ, ಹೂವಿಲ್ಲದ ಕಾಲದಲ್ಲಿ ಎಲೆ. ತೂತಿಗೆ ಕಡ್ಡಿ ಹಾಕಿ ನೋಡುತ್ತೇನೆ. ಸೆರಗಿನಿಂದ ಒರೆಸುತ್ತೇನೆ. ಆಮೇಲೆ ಪೊರಕೆ ಹಿಡಿಯುತ್ತೇನೆ.