ಲಾರಿ ಸ್ಟ್ಯಾಂಡಿನಲ್ಲಿ ಕಿವಿಯ ಪಾಠ

ಕೊರೊನಾ ಗಲಾಟೆ ಮುಗಿದ ಮರುವರ್ಷ ನಾನು ನೆಲಮಂಗಲ ಭಾಗಕ್ಕೆ ಮೊಬಿಲಿಟಿ ಇನ್‌ಸ್ಟ್ರಕ್ಟರ್ ಆಗಿದ್ದೆ. ದೃಷ್ಟಿ ಇಲ್ಲದವರ ಮನೆಗೇ ಹೋಗಿ, ಬಿಳಿ ಕೋಲು ಮತ್ತು ಕಿವಿ ಇವೆರಡನ್ನು ನಂಬಿ ಒಬ್ಬರೇ ಓಡಾಡುವುದನ್ನು ಕಲಿಸುವ ಕೆಲಸ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಂಡಿ ನೋವು ಶುರುವಾಗಿತ್ತು, ತಾಳ್ಮೆ ಮುಗಿಯುತ್ತ ಬಂದಿತ್ತು. ಅಂಥ ಹೊತ್ತಿನಲ್ಲಿ ಮುನಿರಾಜು ನನ್ನ ಪಾಲಿಗೆ ಬಂದ.

ಮುನಿರಾಜುವಿಗೆ ನಲವತ್ತೆಂಟು ವಯಸ್ಸು. ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನು. ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರವನ್ನು ತಿಂದುಹಾಕುವ ಕಾಯಿಲೆ, ಅವನ ಎರಡೂ ಕಣ್ಣನ್ನು ತೆಗೆದಿತ್ತು. ಹೆಂಡತಿ ಜಯಮ್ಮ ಹತ್ತಿರದ ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಒಮ್ಮೆ ಅವನು ಒಬ್ಬನೇ ಹೊರಟು ಬೈಕಿಗೆ ಸಿಕ್ಕಿ ಕೈ ಮುರಿದುಕೊಂಡ ಮೇಲೆ, ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಸಂಜೆ ಅವಳು ಬರುವವರೆಗೆ ಅವನು ಒಳಗೇ. ಆ ಬೀಗದ ವಿಷಯಕ್ಕೆ ದಿನಾ ಜಗಳ.

"ಬೀಗ ತೆಗಿಸ್ತೀರಾ ಮೇಡಮ್? ಅದಾಗುತ್ತೆ ಅಂದ್ರೆ ಕಲೀತೀನಿ. ಮಿಕ್ಕಿದ್ದೆಲ್ಲ ನಂಗ್ ಬೇಡ" ಎಂದು ಮೊದಲ ದಿನವೇ ಹೇಳಿದ. ಜಯಮ್ಮ ಅಡುಗೆಮನೆಯಿಂದಲೇ, "ಈವಯ್ಯ ಲಾರಿ ಕೆಳಗೆ ಬಿದ್ರೆ ನೀವ್ ಬರ್ತೀರಾ ಎತ್ತಾಕೆ?" ಎಂದಳು. ಇಬ್ಬರಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅವರಿಬ್ಬರನ್ನು ಕಂಡರೆ ಆಗುತ್ತಿರಲಿಲ್ಲ.

ನನ್ನ ಪಾಠಕ್ಕೆ ಒಂದು ಕ್ರಮವಿತ್ತು. ಸದ್ದಿಲ್ಲದ ಕೋಣೆಯಲ್ಲಿ ವಿದ್ಯಾರ್ಥಿಯನ್ನು ಕೂರಿಸಿ, ಬಾಯಲ್ಲಿ 'ಶ್' ಎಂದು ಎಳೆಯಲು ಹೇಳಿ, ಅವನ ಮುಖದ ಮುಂದೆ ಒಂದು ಅಗಲವಾದ ಪರಾತವನ್ನು ಹತ್ತಿರ ತರುವುದು, ದೂರ ಒಯ್ಯುವುದು. ಪರಾತ ಹತ್ತಿರ ಬಂದಾಗ ತನ್ನದೇ ಸದ್ದು ಬದಲಾಗುವುದು ಕಿವಿಗೆ ಗೊತ್ತಾಗುತ್ತದೆ. ಅದು ಹಿಡಿತಕ್ಕೆ ಬಂದ ಮೇಲೆ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಲೊಚಗುಟ್ಟುವುದು. ಸದ್ದು ಹೋಗಿ ಗೋಡೆಗೆ ಬಡಿದು ಹಿಂದಿರುಗುತ್ತದೆ. ಎದುರಿಗೆ ಬಯಲಿದ್ದರೆ ಏನೂ ಬರುವುದಿಲ್ಲ. ಇದನ್ನು ಎಕೋಲೊಕೇಷನ್ ಎನ್ನುತ್ತಾರೆ, ಬಾವಲಿಗಳೂ ಹೀಗೆಯೇ ದಾರಿ ಹುಡುಕುತ್ತವೆ ಎಂದು ವಿವರಿಸಿದೆ.

"ನಾನೇನ್ ಬಾವಲೀನಾ? ತಲೆಕೆಳಗಾಗಿ ನೇತಾಡೋದ್ ಯಾವಾಗ ಕಲಿಸ್ತೀರಿ?" ಎಂದ ಮುನಿರಾಜು. ತನ್ನ ಹಿಟ್ಟು ಕಲಸುವ ಪರಾತ ನನ್ನ ಕೈಯಲ್ಲಿದ್ದದ್ದಕ್ಕೆ ಜಯಮ್ಮನಿಗೆ ಬೇರೆ ಸಿಟ್ಟು.

ಮೂರು ವಾರ ಹೀಗೇ ಹೋಯಿತು. ಪರಾತ ಎಲ್ಲಿದೆ ಎಂದರೆ ಬೇಕೆಂದೇ ತಪ್ಪು ಹೇಳುತ್ತಿದ್ದ. ಬೀದಿಗೆ ಕರೆದುಕೊಂಡು ಹೋದರೆ ಇನ್ನೊಂದು ರಾದ್ಧಾಂತ. ಅವನು ಲೊಚಗುಟ್ಟಿಕೊಂಡು ನಡೆಯುವಾಗ ನಲ್ಲಿಯ ಹತ್ತಿರ ಹೆಂಗಸರು ನೀರು ಹಿಡಿಯುತ್ತಿದ್ದರು. ಒಬ್ಬಳ ಗಂಡ ಓಡಿ ಬಂದು ಕಾಲರ್ ಹಿಡಿದುಕೊಂಡ. "ನಮ್ಮನೆ ಹೆಂಗಸ್ರನ್ನ ನೋಡಿ ಲೊಚಗುಡ್ತೀಯೇನಲಾ?"

"ನೋಡಾಕ್ ಕಣ್ಣಿದ್ರೆ ತಾನೆ" ಎಂದು ಮುನಿರಾಜು ಅವನ ಕೈ ಕಿತ್ತುಹಾಕಿದ. ನಾನು ನಡುವೆ ನುಗ್ಗಿ ನನ್ನ ಗುರುತಿನ ಚೀಟಿ ತೋರಿಸಿ ಬಿಡಿಸಬೇಕಾಯಿತು. ಮನೆಗೆ ಬಂದವನೇ, "ಇನ್ಮೇಲೆ ಬಾಯಲ್ ಸದ್ದು ಮಾಡಲ್ಲ. ನನ್ ಮರ್ಯಾದೆ ತೆಗೆಯೋಕೆ ನೀವೊಬ್ರು ಸಾಕು" ಎಂದ. "ಹಾಗಿದ್ರೆ ಒಳಗೇ ಬಿದ್ದಿರಿ" ಎಂದುಬಿಟ್ಟೆ. ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ನಾನು ಆಡದ ಮಾತು ಅದು. ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಬರೀ ಕೋಲು ಹಿಡಿದು ಸರ್ವಿಸ್ ರಸ್ತೆಗೆ ಹೋದೆವು. ಬಿಳಿ ಕೋಲಿಗೆ ಒಂದು ದೊಡ್ಡ ಕೊರತೆಯಿದೆ: ಅದು ಹೇಳುವುದು ನೆಲದ ಮೇಲಿರುವುದನ್ನು ಮಾತ್ರ. ನಿಂತ ಲಾರಿಯ ಹಿಂಬದಿಯಲ್ಲಿ ಕೋಲು ಸಲೀಸಾಗಿ ಕೆಳಗೆ ತೂರಿಕೊಂಡು ಹೋಗುತ್ತದೆ, ಮುಖ ಹೋಗಿ ಡಾಲಾಕ್ಕೆ, ಅಂದರೆ ಹಿಂದಿನ ಬಾಗಿಲಿಗೆ, ಬಡಿಯುತ್ತದೆ. ನಾನು ಹುಷಾರು ಎನ್ನುವಷ್ಟರಲ್ಲಿ ಅವನ ಮೂಗಿನಿಂದ ರಕ್ತ ಸುರಿಯುತ್ತಿತ್ತು.

ಕರ್ಚೀಫು ಒತ್ತಲು ಹೋದ ನನ್ನನ್ನು ತಳ್ಳಿದ. ನಂತರ ಕೋಲು ತೆಗೆದುಕೊಂಡು ಆ ಲಾರಿಯನ್ನು ಹೊಡೆಯತೊಡಗಿದ. ಹಿಂದಿನ ತಗಡಿಗೆ, ಮಡ್‌ಗಾರ್ಡಿಗೆ, ಟೈರುಗಳಿಗೆ, ಸಿಕ್ಕಸಿಕ್ಕಲ್ಲಿ. ಬಾಯಲ್ಲಿ ಬರೆಯಲಾಗದ ಬೈಗುಳ. ಲಾರಿಯ ಡ್ರೈವರ್ ಇಳಿದು ಜಗಳಕ್ಕೆ ಬಂದ. ಆಗ ಮುನಿರಾಜು ಒಮ್ಮೆಲೇ ಹೊಡೆತ ನಿಲ್ಲಿಸಿ, ಬಗ್ಗಿ, ಹಿಂದಿನ ಜೋಡಿ ಟೈರುಗಳಿಗೆ ಮೆಲ್ಲಗೆ ಒಂದೊಂದು ಏಟು ಹಾಕಿದ.

"ಒಳಗಿನ ಟೈರಲ್ಲಿ ಗಾಳಿ ಇಲ್ಲ. ಲೋಡ್ ಹಾಕ್ಕೊಂಡು ಹಿಂಗೇ ಬಂದಿದೀಯಾ? ಮನೇಲಿ ಮಕ್ಳುಮರಿ ಇಲ್ವಾ ನಿಂಗೆ?" ಎಂದು ಡ್ರೈವರನ್ನೇ ಬೈದ. ಡ್ರೈವರ್ ರಾಡು ತಂದು ಬಡಿದು ನೋಡಿದ. ಟೈರು ಕುಳಿತಿತ್ತು. ಅವನು ಜಗಳ ಮರೆತು ಜಾಕ್ ಹುಡುಕಲು ಹೋದ.

ಡ್ರೈವರುಗಳು ಪ್ರತಿ ನಿಲ್ದಾಣದಲ್ಲೂ ಟೈರು ಬಡಿದು ಸದ್ದಿನಿಂದಲೇ ಗಾಳಿ ನೋಡುವುದನ್ನು ನಾನು ನೂರು ಸಲ ಕಂಡಿದ್ದೆ. ಇಪ್ಪತ್ತೆರಡು ವರ್ಷ ದಿನಾ ಆ ಕೆಲಸ ಮಾಡಿದ ಕಿವಿಗೆ ನಾನು ಪರಾತ ಹಿಡಿದು ಅಆಇಈ ಹೇಳಿಕೊಡುತ್ತಿದ್ದೆ. ಅವನಿಗೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ? ನನ್ನ ಮೇಲೆ ನನಗೇ ರೇಗಿತು.

ಮೂಗಿನ ಗಾಯ ಕಂಡ ಜಯಮ್ಮ ನನ್ನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ನಾನು ಬಾಗಿಲಲ್ಲೇ ನಿಂತು ಹದಿನೈದು ದಿನದ ಗಡುವು ಕೇಳಿದೆ. "ಹದ್ನೈದೇ ದಿನ. ಟೀ ಅಂಗಡಿಗೆ ಒಬ್ನೇ ಹೋಗಿ ಬರ್ಬೇಕು, ನಾನ್ ಕಣ್ಣಾರೆ ನೋಡ್ಬೇಕು. ಆಗ್ಲಿಲ್ವಾ, ಬೀಗ ಬೀಗಾನೇ. ನೀವೂ ಈ ಕಡೆ ತಲೆ ಹಾಕ್ಬಾರ್ದು" ಎಂದಳು. ಒಪ್ಪಿಕೊಂಡೆ.

ಪರಾತವನ್ನು ಬಿಟ್ಟು ಮುನಿರಾಜುವನ್ನು ಲಾರಿ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ನಾನು ಹೇಳಿದ್ದು ಇಷ್ಟೇ: "ಕೋಲು ಬಡಿದರೆ ಸದ್ದು ನೆಲದಲ್ಲೇ ಉಳಿಯುತ್ತೆ. ನಿಮಗೆ ಬೇಕಿರುವುದು ಮುಖದ ಎತ್ತರದ ಸದ್ದು. ಅದಕ್ಕೆ ನಾಲಿಗೆಯೇ ಆಗಬೇಕು." ಕಂಟೈನರ್ ಮುಂದೆ ನಿಂತು ಒಲ್ಲದ ಮನಸ್ಸಿನಿಂದ ಲೊಚಗುಟ್ಟಿದ. ತಗಡು ಸದ್ದನ್ನು ಗಟ್ಟಿಯಾಗಿ ವಾಪಸು ಕೊಟ್ಟಿತು. ಟಾರ್ಪಾಲಿನ್ ಹೊದಿಸಿದ ಲೋಡ್ ಮಂಕಾಗಿ ಕೊಟ್ಟಿತು. ಎರಡು ಲಾರಿಗಳ ನಡುವಿನ ಸಂದು ಏನನ್ನೂ ಕೊಡಲಿಲ್ಲ. ಐದನೆಯ ದಿನದ ಹೊತ್ತಿಗೆ, "ಇದು ಕಂಟೈನರು. ಇದು ಖಾಲಿ ಬಾಡಿ. ಇಲ್ಲಿ ಸಂದು" ಎಂದು ನಡೆಯುತ್ತಲೇ ಹೇಳುತ್ತಿದ್ದ. ನಾನು ಒಳ್ಳೆಯದು ಎಂದರೆ, "ಸುಮ್ನಿರಿ, ಕೇಳಿಸ್ಕೊಳಾಕ್ ಬಿಡಿ" ಎಂದು ಗದರುತ್ತಿದ್ದ.

ಪರೀಕ್ಷೆಯ ದಿನ ಜಯಮ್ಮ ಅರ್ಧ ದಿನ ರಜೆ ಹಾಕಿದಳು. ನಾವಿಬ್ಬರೂ ಇಪ್ಪತ್ತು ಹೆಜ್ಜೆ ಹಿಂದೆ, ಮಾತಾಡುವಂತಿಲ್ಲ. ಗಲ್ಲಿ ದಾಟಿ ಸರ್ವಿಸ್ ರಸ್ತೆಗೆ ತಿರುಗಿದರೆ, ದಿನಾ ಖಾಲಿ ಇರುತ್ತಿದ್ದ ಜಾಗದಲ್ಲಿ ಒಂದು ಕಂಟೈನರ್ ಲಾರಿ ಅಡ್ಡಲಾಗಿ ನಿಂತಿತ್ತು. ಅದರ ಹಿಂಬದಿ ಸರಿಯಾಗಿ ಅವನ ಮುಖದ ಎತ್ತರಕ್ಕೆ ದಾರಿಗೆ ಚಾಚಿಕೊಂಡಿತ್ತು. ಜಯಮ್ಮ ಕೂಗಲು ಬಾಯಿ ತೆರೆದಳು. ನಾನು ಅವಳ ರಟ್ಟೆ ಹಿಡಿದು ಅದುಮಿದೆ. ಅವನು ಬಿದ್ದಿದ್ದರೆ ಅವಳು ನನ್ನನ್ನು ಅಲ್ಲೇ ಹೊಡೆಯುತ್ತಿದ್ದಳು, ನಾನು ಹೊಡೆಸಿಕೊಳ್ಳುತ್ತಿದ್ದೆ.

ಅವನ ಕೋಲು ಲಾರಿಯ ಅಡಿಗೆ ತೂರಿತು. ಅವನು ನಿಂತ. ಲೊಚಗುಟ್ಟಿ ತಲೆಯನ್ನು ಎಡಕ್ಕೆ ಹೊರಳಿಸಿದ. ಮತ್ತೆ ಲೊಚಗುಟ್ಟಿ ಬಲಕ್ಕೆ. ಕೈ ಮುಂದೆ ಚಾಚಲೂ ಇಲ್ಲ. ಬಲಗಡೆಯಿಂದ ಸುತ್ತಿ ಹೋಗಿ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತ. ಟೀ ಕುಡಿದು ಅದೇ ದಾರಿಯಲ್ಲಿ ವಾಪಸು ಬಂದು, ನಮ್ಮನ್ನು ಹಾದು ಹೋಗುವಾಗ ಹೇಳಿದ, "ಇಬ್ರೂ ಚಪ್ಲಿ ಎಳ್ಕೊಂಡು ಬರ್ಬೇಡಿ. ಕಿವಿಗೆ ಅಡ್ಡ."

ಮನೆ ಬಾಗಿಲು ತಲುಪಿದ ಮೇಲೆ ಜಯಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ ಕೀಲಿಯನ್ನು ಅವನ ಅಂಗೈಗೆ ಒತ್ತಿದಳು. "ಎಲ್ಲಾನ ಬಿದ್ರೆ ನಂಗ್ ಫೋನ್ ಮಾಡ್ಬೇಡ" ಎಂದು ಹೇಳಿ ಗೋಡೌನಿನ ಕಡೆ ನಡೆದಳು. ಅವಳ ಕಣ್ಣು ಒದ್ದೆಯಾಗಿದ್ದನ್ನು ನಾನು ಕಂಡೆ. ಅವನು ಮಾತ್ರ ಬಾಗಿಲು ಹಾಕಿಕೊಂಡ. ನನಗೆ ಕೂತ್ಕೊಳ್ಳಿ ಎನ್ನಲಿಲ್ಲ.

ಆರು ತಿಂಗಳ ನಂತರ ಮರುಭೇಟಿಯ ಫಾರಂ ತುಂಬಲು, ಮೊದಲೇ ತಿಳಿಸದೆ, ಬೆಳಿಗ್ಗೆ ಹನ್ನೊಂದಕ್ಕೆ ಅವರ ಮನೆಗೆ ಹೋದೆ. ಬಾಗಿಲಿಗೆ ಹೊರಗಿನಿಂದ ಬೀಗ. ನನಗೆ ಎಲ್ಲಿತ್ತೋ ಸಿಟ್ಟು. ನಿಂತಲ್ಲೇ ಜಯಮ್ಮನಿಗೆ ಫೋನ್ ಮಾಡಿ, ಮಾತು ತಪ್ಪಿದಿರಿ, ನೀವು ಮನುಷ್ಯರಾ ಎಂದೆಲ್ಲ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಆಯ್ತಾ ಮೇಡಮ್? ಬೀಗ ನಾನ್ ಹಾಕಿಲ್ಲ. ಅವನೇ ಹಾಕ್ಕೊಂಡು ಹೋಗವ್ನೆ. ಟೈರ್ ಅಂಗ್ಡೀಲಿ ಕೆಲ್ಸ, ಸಂಜೆ ಬತ್ತಾನೆ. ಹೇಳ್ದೆ ಕೇಳ್ದೆ ಬಂದ್ರೆ ಯಾರ್ ಕಾಯ್ತಾರೆ?"

ಬಿಸಿಲಲ್ಲಿ ಆ ಮೆಟ್ಟಿಲ ಮೇಲೆ ಕೂತು ಫಾರಂ ತುಂಬಿದೆ. ಕಲಿತವರು ನನ್ನ ಕೈ ಹಿಡಿದು ಕಣ್ಣೀರು ಹಾಕಿದಾಗಲೇ ಪಾಠ ಫಲಿಸಿತು ಎಂದು ಅಲ್ಲಿಯವರೆಗೆ ನಂಬಿದ್ದೆ. ಅದು ನನ್ನ ಖುಷಿಯ ಲೆಕ್ಕ, ಅವರದಲ್ಲ ಎನ್ನುವುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು. ಫಾರಂನ ಫಲಿತಾಂಶದ ಸಾಲಿನಲ್ಲಿ ಹೀಗೆ ಬರೆದೆ: ವಿದ್ಯಾರ್ಥಿ ಮನೆಯಲ್ಲಿ ಇರಲಿಲ್ಲ.