ಕಾಲು ತೆಗೆದವರಿಗೆ ಹಾಲು

ಇರಿನೇವು ಬೊರ್ತೊಲಿಗೆ ಭಯವೆಂದರೇನೆಂದು ಗೊತ್ತಿಲ್ಲ ಎಂದು ಸಾಂತ ರೀಟ ಊರಿನಲ್ಲಿ ಎಲ್ಲರೂ ನಂಬಿದ್ದರು. ರೇಸಿನ ದಿನ ಬೆಳಿಗ್ಗೆ ಅವನು ಗ್ಯಾರೇಜಿನ ಹಿಂಗೋಡೆ ಹಿಡಿದುಕೊಂಡು ವಾಂತಿ ಮಾಡುವುದನ್ನು ಕಂಡವರು ಕೂಡ ಹಾಗೆಯೇ ನಂಬಿದ್ದರು. ರಾತ್ರಿ ತಿಂದ ಸಾಸೇಜು ಹೊಟ್ಟೆಗೆ ಆಗಿಬರಲಿಲ್ಲ ಎಂದು ಅವನು ಬಾಯಿ ಒರೆಸಿಕೊಳ್ಳುತ್ತಿದ್ದ. ಅಷ್ಟು ವರ್ಷ ಒಬ್ಬನೇ ಮನುಷ್ಯನಿಗೆ, ಅದೂ ರೇಸಿನ ಹಿಂದಿನ ರಾತ್ರಿಯೇ, ಕೆಟ್ಟ ಸಾಸೇಜು ಹೇಗೆ ಸಿಗುತ್ತದೆ ಎಂದು ಒಬ್ಬನಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಊರಿಗೊಬ್ಬ ವೀರ ಸಿಕ್ಕಿಬಿಟ್ಟರೆ ಜನ ಅವನ ಹೊಟ್ಟೆಯ ತಂಟೆಗೆ ಹೋಗುವುದಿಲ್ಲ.

ಅವನಿಗೆ ಹೆದ್ದಾರಿಯ ಪಕ್ಕ ಒಂದು ಪಂಕ್ಚರ್ ಅಂಗಡಿಯಿತ್ತು. ಸೋಯಾ ಹೊತ್ತ ಲಾರಿಗಳ ಟೈರು ಬಿಚ್ಚಿ ಹಾಕಿ ಅವನ ಕೈ ಮರದ ಕೊರಡಾಗಿತ್ತು. ಹರೆಯದಲ್ಲಿ ಕೆಂಪು ಮಣ್ಣಿನ ದಾರಿಗಳಲ್ಲಿ ಅಪ್ಪನ ಹಳೇ ಗಾಡಿ ಓಡಿಸಿ ಕಲಿತವನು, ಒಪಾಲ ಕಾರುಗಳ ಸ್ಟಾಕ್ ಕಾರ್ ರೇಸಿನ ಕಾಲದಲ್ಲಿ ಮಹಾನಗರ ಸಾಂವ್ ಪಾವ್ಲುವರೆಗೂ ಹೋಗಿಬಂದ. ಅಲ್ಲಿನ ದುಡ್ಡಿನ ತಂಡಗಳ ನಡುವೆ ಒಮ್ಮೆ ಮೂರನೆಯವನಾದದ್ದೇ ಅವನ ದೊಡ್ಡ ಗೆಲುವು. ಆಗ ಸಿಕ್ಕ ಬಹುಮಾನದ ಕಪ್ಪಿನೊಳಗೆ ಹೆಂಡತಿ ಝೆನಾಯ್ಡಿ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಹಾಕಿಡುತ್ತಿದ್ದಳು. ಒಪಾಲಗಳ ಕಾಲ ಮುಗಿದ ಮೇಲೆ ಅವನೂ ಮೆಕ್ಯಾನಿಕ್ ಸೆಲ್ಸುವೂ ಸೇರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ತಗ್ಗಾದ, ಮೇಲ್ಛಾವಣಿಯಿಲ್ಲದ ಒಂದು ಸ್ಪೋರ್ಟ್ಸ್ ಕಾರು ಕಟ್ಟಿದರು. ಇಬ್ಬರು ಸರದಿಯಂತೆ ಓಡಿಸುವ ದೀರ್ಘ ರೇಸುಗಳಿಗೆ ಹೇಳಿ ಮಾಡಿಸಿದ ಕಾರು ಅದು.

ಆದರೆ ಊರಿನಲ್ಲಿ ಅವನ ಹೆಸರು ನಿಂತದ್ದು ಕಪ್ಪಿನಿಂದಲ್ಲ, ಬೋಗುಣಿಯಿಂದ. ಸಾಂತ ರೀಟದ ಟ್ರ್ಯಾಕಿನಲ್ಲಿ ನೆಟ್ಟಗಿನ ಹಾದಿ ಮುಗಿಯುವಲ್ಲಿ ರಸ್ತೆ ಬೋಗುಣಿಯ ಹೊಟ್ಟೆಯಂತೆ ಒಳಕ್ಕಿಳಿದು ತಿರುವಿನಲ್ಲೇ ಮೇಲೇರುತ್ತದೆ; ಆ ತಿರುವಿನ ಹೆಸರೇ ಬೋಗುಣಿ. ಅಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆಯದೆ ಹೋಗುವವನೇ ಗಂಡಸು ಎಂಬುದು ಊರಿನವರ ತೀರ್ಮಾನ. ಕಣ್ಣಿಂದ ನೋಡುವ ಆಟವಲ್ಲ ಅದು. ಜನ ಬೇಲಿಗೆ ಒರಗಿ, ಕಣ್ಣು ಮುಚ್ಚಿ, ಕಿವಿಯಿಂದ ಆಲಿಸುತ್ತಿದ್ದರು. ಎಂಜಿನ್ನಿನ ಕೂಗು ಒಂದಿಷ್ಟು ತಗ್ಗಿದರೂ ಸಾಕು, 'ತೆಗೆದ' ಎನ್ನುತ್ತಿದ್ದರು. ಸಂಜೆ ಒಸ್ಮಾರನ ಬಾರಿನಲ್ಲಿ ಕಾಲು ತೆಗೆಯದವರಿಗೆ ಬಿಯರು, ತೆಗೆದವರಿಗೆ ಒಂದು ಲೋಟ ಬಿಸಿ ಹಾಲು. ನಗುನಗುತ್ತಾ ಕುಡಿದು ಮುಗಿಸಿದರೆ ಅಲ್ಲಿಗೆ ಮುಗಿಯಿತು. ಕುಡಿಯದೆ ಬಿಟ್ಟವರದೇ ತೊಂದರೆ.

ಅರ್ಲಿಂದು ಕುಡಿಯದೆ ಬಿಟ್ಟಿದ್ದ. ಅವನು ಇರಿನೇವಿನ ಗೆಳೆಯ, ಒಪಾಲ ಕಾಲದ ಜೊತೆಗಾರ. ಅವತ್ತು ಹಾಲಿನ ಲೋಟವನ್ನು ಬಾಗಿ ನಮಸ್ಕರಿಸಿ ಅವನ ಮುಂದಿಟ್ಟವನು ಇರಿನೇವೇ. ಇಡೀ ಬಾರು ಬಿದ್ದು ಬಿದ್ದು ನಕ್ಕಿತ್ತು. ಅರ್ಲಿಂದು ಲೋಟವನ್ನು ಹಿಂದಕ್ಕೆ ತಳ್ಳಿ, "ಮುಂದಿನ ಭಾನುವಾರ ಇದನ್ನ ನೀನೇ ಕುಡಿ" ಎಂದ. ಮುಂದಿನ ಭಾನುವಾರ ಬೋಗುಣಿಯಲ್ಲಿ ಅವನು ಕಾಲು ತೆಗೆಯಲಿಲ್ಲ. ಬೇಲಿಯವರು 'ಭಲೇ' ಎನ್ನುವಷ್ಟರಲ್ಲಿ ಸದ್ದೇ ನಿಂತುಹೋಯಿತು. ಕಾರು ಬಡಿದಿದ್ದ ಟ್ರ್ಯಾಕಿನಂಚಿನ ಗೋಡೆಯ ಹತ್ತಿರ ಮೊದಲು ಓಡಿದವನು ಇರಿನೇವು. ಅಲ್ಲಿ ಅವನು ಕಂಡದ್ದನ್ನು ಯಾರಿಗೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ಭಯ ಅವತ್ತು ಅವನ ಹೊಟ್ಟೆಯೊಳಗೆ ಹೊಕ್ಕಿತು, ಮತ್ತೆ ಹೊರಡಲಿಲ್ಲ. ರೇಸು ಬಿಟ್ಟುಬಿಡೋಣವೆಂದರೆ ಅದೊಂದೇ ಅವನಿಗೆ ಗೊತ್ತಿದ್ದ ಬದುಕು. ಕಾಲು ತೆಗೆಯೋಣವೆಂದರೆ ಹಾಲಿನ ಲೋಟ. ಭಯಕ್ಕೂ ಮಾನಕ್ಕೂ ನಡುವೆ ಸಿಕ್ಕಿಬಿದ್ದವನು ಒಂದು ಉಪಾಯ ಕಂಡುಕೊಂಡ. ಬಲಗಾಲನ್ನು ಪೂರ್ತಿ ಒತ್ತಿಯೇ ಇಟ್ಟು, ಎಡಗಾಲಿನಿಂದ ಬ್ರೇಕನ್ನು ಮೆಲ್ಲಗೆ ಸವರುವುದು. ಕಾರು ನಿಧಾನವಾಗುತ್ತದೆ, ಎಂಜಿನ್ನು ಮಾತ್ರ ಅರಚುತ್ತಲೇ ಇರುತ್ತದೆ. ಹಿಂದಿನ ಕೆಂಪು ದೀಪ ಹತ್ತಿ ಗುಟ್ಟು ರಟ್ಟಾಗದಿರಲೆಂದು ಪ್ರತಿ ರೇಸಿಗೂ ಮುಂಚೆ ಪೆಡಲಿನ ಬುಡದಲ್ಲಿ ಮಂಡಿಯೂರಿ, ತಲೆ ಒಳಗೆ ತೂರಿಸಿ, ದೀಪದ ಸ್ವಿಚ್ಚನ್ನು ಕೊಂಚ ಸಡಿಲಿಸುತ್ತಿದ್ದ. ಸೆಲ್ಸು ಅದನ್ನು ದೇವಮಾತೆ ಅಪರೆಸೀದಳಿಗೆ ಮಾಡುವ ಪ್ರಾರ್ಥನೆಯೆಂದೇ ತಿಳಿದಿದ್ದ. ಟೋಪಿ ತೆಗೆದು, ತಲೆ ಬಗ್ಗಿಸಿ ಪಕ್ಕದಲ್ಲಿ ನಿಂತಿರುತ್ತಿದ್ದ.

ಹೀಗೆ ವರ್ಷಗಳು ಉರುಳಿದವು. ಬೋಗುಣಿಯಲ್ಲಿ ಕಾಲು ತೆಗೆಯದ ಇರಿನೇವು ಎಂದು ಕತೆ ಕಟ್ಟಿದರು, ಅವನ ಅಂಗಡಿಯ ಗೋಡೆಗೆ ಬರೆಸಿದರು. ಆ ಕತೆ ಕೇಳುತ್ತಾ ಬೇಲಿಯ ಪಕ್ಕದಲ್ಲಿ ಬೆಳೆದವಳು ಅವನ ಒಬ್ಬಳೇ ಮಗಳು ಮಾರಿಸ್ತೇಲ. ಕೈಯಲ್ಲಿ ಸ್ಟಾಪ್‌ವಾಚು ಹಿಡಿದು, ಕಾಫಿ ಜಾಹೀರಾತಿನ ಹಲಗೆಯಿಂದ ಬೋಗುಣಿ ದಾಟಿದ ಮೇಲೆ ಸಿಗುವ ಗೋಪುರದವರೆಗೆ ಅಪ್ಪ ತೆಗೆದುಕೊಳ್ಳುವ ಹೊತ್ತನ್ನು ಅಳೆಯುವುದೇ ಅವಳ ಆಟ. ದೊಡ್ಡವಳಾಗಿ ತಾನೂ ಓಡಿಸತೊಡಗಿದಳು, ಬೇರೆ ಊರುಗಳಲ್ಲಿ ಗೆದ್ದಳು. ಆ ವರ್ಷದ ಆರು ಗಂಟೆಯ ರೇಸಿಗೆ ಅಪ್ಪನ ಕಾರಿನಲ್ಲಿ ಎರಡನೆಯ ಚಾಲಕಿಯಾಗಿ ಊರಿಗೆ ಬಂದಳು.

ಶನಿವಾರದ ಅಭ್ಯಾಸದಲ್ಲಿ ಅವಳು ಬೋಗುಣಿಯಲ್ಲಿ ಕಾಲು ತೆಗೆದಳು. ಸಂಜೆ ಒಸ್ಮಾರ್ ಎರಡೂ ಕೈಯಲ್ಲಿ ಲೋಟ ಹಿಡಿದು ತಂದ.

"ತಗೋಳಮ್ಮ. ಬೊರ್ತೊಲಿ ಮನೆಗೆ ಇದು ಮೊದಲನೇ ಲೋಟ. ಎಳೇ ಮೂಳೆಗೆ ಒಳ್ಳೇದು."

ಬಾರು ನಕ್ಕಿತು. ಮಾರಿಸ್ತೇಲ ನಗುತ್ತಲೇ ಲೋಟವನ್ನು ಹಿಂದಕ್ಕೆ ತಳ್ಳಿದಳು. "ಇಟ್ಟಿರಿ ಒಸ್ಮಾರಣ್ಣ. ನಾಳೆ ಸಂಜೆ ನೀವೇ ಕುಡೀರಂತೆ."

ಇರಿನೇವಿಗೆ ಅರ್ಲಿಂದು ನೆನಪಾದ. ಅದೇ ಮೇಜು, ಅದೇ ಮಾತು. ಹಾಲಿನ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತಾ ಕುಳಿತ. ಅವನ ಬಿಯರು ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅಪ್ಪ ಮಗಳು ಸೋರೆಬುರುಡೆಯಲ್ಲಿ ಹಾಕಿದ 'ಮಾತೆ' ಎಂಬ ಎಲೆಯ ಬಿಸಿ ಕಷಾಯವನ್ನು ಸರದಿಯಲ್ಲಿ ಹೀರುತ್ತಿದ್ದರು. ಇರಿನೇವು ಬುರುಡೆಯನ್ನು ಕೆಳಗಿಟ್ಟ. ಹೇಳಲೇಬೇಕೆಂದು ಗಟ್ಟಿಮನಸ್ಸು ಮಾಡಿದ.

"ಮಗಳೇ, ಬೋಗುಣೀಲಿ ಕಾಲು ತೆಗಿ."

"ನೀನು ತೆಗೀತೀಯಾ?"

"ತೆಗೆದ ಹಂಗೇ. ಬಲಗಾಲು ಒತ್ತೇ ಇರ್ತೀನಿ, ಎಡಗಾಲಲ್ಲಿ ಬ್ರೇಕು ಸವರ್ತೀನಿ. ಅರ್ಲಿಂದು ಹೋದಾಗಿಂದ ಹಂಗೇ."

ಮಾರಿಸ್ತೇಲ ಅವನ ಮುಖವನ್ನೇ ನೋಡಿ ನಕ್ಕಳು. "ಅಪ್ಪಾ, ಸುಳ್ಳು ಹೇಳೋದಾದ್ರೆ ಒಂಚೂರು ನಂಬೋ ಹಂಗೆ ಹೇಳು. ಚಿಕ್ಕವಳಾದಾಗಿಂದ ಆ ಬೇಲಿ ಹತ್ರ ನಿಂತು ಕೇಳಿದೀನಿ. ನನ್ನ ಕಿವಿ ಸುಳ್ಳಾ?"

"ಕಿವಿ ಸುಳ್ಳಲ್ಲ ಕಣೇ. ನಾನು ಸುಳ್ಳು."

"ಅಮ್ಮ ಹೇಳಿಕೊಟ್ಟಿದಾಳೆ ತಾನೆ? ಮಗ ಆಗಿದ್ರೆ ಹಿಂಗೆ ಹೇಳ್ತಿದ್ಯಾ ನೀನು?"

"ಹಂಗಾದ್ರೆ ನೀನು ಓಡಿಸೋದೇ ಬೇಡ."

"ಬೇಡ ಅಂದ್ರೆ ಬಿಡು. ಆ ಹಸಿರು ಕಾರಿನ ತಂಡದವರಿಗೆ ಓಡಿಸೋರು ಒಬ್ರು ಕಮ್ಮಿ ಬಿದ್ದಿದಾರೆ. ಅವರ ಕಾರಲ್ಲಿ ಹೋದ್ರೂ ಬೋಗುಣಿ ಅದೇ ಬೋಗುಣಿ."

ಅವನು ಸೆಲ್ಸುವಿನ ಮೊರೆ ಹೋದ. ಸೆಲ್ಸು ಮಾರಿಸ್ತೇಲಳಿಗೆ ಜ್ಞಾನಪಿತ, ಇಗರ್ಜಿಯಲ್ಲಿ ಅವಳ ನಾಮಕರಣದ ಹೊಣೆ ಹೊತ್ತವನು. ಅವನ ಮಾತನ್ನಾದರೂ ಕೇಳಿಯಾಳು ಎಂಬ ಆಸೆ.

"ನಾನು ಪೆಡಲ್ ಹತ್ರ ಬಗ್ತಿದ್ನಲ್ಲ, ಅದು ದೀಪದ ಸ್ವಿಚ್ಚು ಸಡಿಲ ಮಾಡೋಕೆ ಅಂತ ಅವಳಿಗೆ ಹೇಳು ಮಾರಾಯ."

ಸೆಲ್ಸು ಕೆರಳಿದ. "ಬೇರೆ ಏನಾದ್ರೂ ತಮಾಷೆ ಮಾಡು, ದೇವರ ವಿಷಯದಲ್ಲಿ ಬೇಡ. ಟೋಪಿ ತೆಗೆದು ನಿಂತವನು ನಾನು. ನೀನು ಅಳೋದನ್ನೂ ಕೇಳಿದೀನಿ."

ಅಳುತ್ತಿದ್ದುದು ನಿಜವೇ. ಇರಿನೇವು ಗ್ಯಾರೇಜಿನ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ತಾನು ಸಾಕಿ ಬೆಳೆಸಿದ ಸುಳ್ಳು ಈಗ ತನ್ನ ಮಾತನ್ನೇ ಕೇಳದಷ್ಟು ದೊಡ್ಡದಾಗಿತ್ತು. ಮಗಳು ನಂಬುವುದು ತನ್ನ ಕಿವಿಯನ್ನು, ಮತ್ತೆ ಆ ಸ್ಟಾಪ್‌ವಾಚನ್ನು. ಗೋಡೆಗೆ ಹಣೆ ಹಚ್ಚಿ ನಿಂತಿದ್ದಾಗ ಅವನಿಗೆ ದಾರಿ ಹೊಳೆಯಿತು. ಮೊದಲ ಸರದಿ ತನ್ನದು. ಬ್ರೇಕು ಸವರುವುದನ್ನು ಬಿಟ್ಟು, ಎಲ್ಲರಿಗೂ ಕೇಳುವಂತೆ ಬಲಗಾಲನ್ನೇ ತೆಗೆದು, ಅದೇ ವೇಗದಲ್ಲಿ ಬೋಗುಣಿ ದಾಟಬೇಕು. ಸದ್ದು ಬೇರೆ, ಹೊತ್ತು ಒಂದೇ. ಅವಳು ಬುದ್ಧಿವಂತೆ, ಅಪ್ಪ ಮೊದಲಿನಿಂದಲೂ ನಿಧಾನವಾಗಿಯೇ ಹೋಗುತ್ತಿದ್ದ ಎಂದು ಲೆಕ್ಕ ಹಾಕಿಯಾಳು.

ನಡು ಮಧ್ಯಾಹ್ನ ರೇಸು ಶುರುವಾಯಿತು. ಕಾರುಗಳು ನಿಂತು ಚಾಲಕರನ್ನು ಬದಲಿಸುವ ಪಿಟ್ಟಿನ ಗೋಡೆಯ ಮೇಲೆ, ಹಲಗೆಯೂ ಗೋಪುರವೂ ಕಾಣುವಂತೆ, ಮಾರಿಸ್ತೇಲ ವಾಚು ಹಿಡಿದು ಕುಳಿತಿದ್ದಳು. ಮೊದಲ ಸುತ್ತಿನಲ್ಲಿ ಬೋಗುಣಿ ಬಂತು, ಬಲಗಾಲು ಮೇಲೇಳಲಿಲ್ಲ. ಎಡಗಾಲು ತಾನಾಗಿಯೇ ಬ್ರೇಕು ಸವರಿತು. ಬೇಲಿಯ ಜನ ಕೈ ಬೀಸಿದರು. ಎರಡನೆಯ ಸುತ್ತಿನಲ್ಲೂ ಅದೇ ಆಯಿತು. ಸಾವಿಗೆ ಹೆದರುವುದು ಅವನಿಗೆ ಅಭ್ಯಾಸವಾಗಿತ್ತು. ಆ ಬೇಲಿಗೆ ಇಷ್ಟೊಂದು ಹೆದರುತ್ತೇನೆಂದು ಮಾತ್ರ ಅವತ್ತೇ ಗೊತ್ತಾದದ್ದು. ಹೆಲ್ಮೆಟ್ಟಿನೊಳಗೆ ತನ್ನನ್ನೇ ಬೈದುಕೊಂಡ. ಮತ್ತೆ ಜಾಹೀರಾತಿನ ಹಲಗೆ ಎದುರಿಗೆ ಬಂದಾಗ ಕಣ್ಣ ಮುಂದೆ ಕೆನೆ ಕಟ್ಟಿದ ಲೋಟ ಬಂತು. ಕಾಲು ತೆಗೆದ.

ಎಂಜಿನ್ನಿನ ಕೂಗು ಇಳಿದದ್ದು ಇಡೀ ಟ್ರ್ಯಾಕಿಗೆ ಕೇಳಿಸಿತು. ಬೇಲಿಯಲ್ಲಿ ಕಣ್ಣು ಮುಚ್ಚಿದ್ದವರೆಲ್ಲ ಕಣ್ಣು ಬಿಟ್ಟರು. ಕಾರು ಕೆಟ್ಟಿತೆಂದುಕೊಂಡರು. ಮುಂದಿನ ಸುತ್ತಿನಲ್ಲೂ ಇಳಿಯಿತು, ಅದರ ಮುಂದಿನದರಲ್ಲೂ ಇಳಿಯಿತು. ಆಗ ಸಿಳ್ಳೆ ಶುರುವಾಯಿತು. ಯಾರೋ ಖಾಲಿ ಹಾಲಿನ ಡಬ್ಬಿ ಎತ್ತಿ ಆಡಿಸಿದರು. ಇರಿನೇವು ಅದನ್ನೆಲ್ಲ ಕಂಡ. ಅವನಿಗೆ ಬೇಕಿದ್ದದ್ದು ಪಿಟ್ಟಿನ ಗೋಡೆ. ಅಲ್ಲಿ ಮಗಳು ವಾಚನ್ನು ಕಿವಿಗೆ ಹಿಡಿದು ಅಲುಗಾಡಿಸುತ್ತಿದ್ದಳು, ಕೆಟ್ಟ ಗಡಿಯಾರವನ್ನು ಅಲುಗಾಡಿಸುವ ಹಾಗೆ. ಮತ್ತೊಂದು ಸುತ್ತು ಕಳೆದು ನೋಡಿದಾಗ ತಲೆ ತಗ್ಗಿಸಿ ಕುಳಿತಿದ್ದಳು. ಗೊತ್ತಾಯಿತೋ ಇಲ್ಲವೋ, ಅಪ್ಪ ಮುದುಕನಾದ ಎಂದು ಮರುಗುತ್ತಿದ್ದಾಳೋ, ಆ ವೇಗದಲ್ಲಿ ಹೇಗೆ ತಿಳಿಯಬೇಕು?

ಸರದಿ ಮುಗಿದು ಅವನು ಪಿಟ್ಟಿಗೆ ಬಂದ. ಇಳಿಯುವವನೇ ಹತ್ತುವವರಿಗೆ ಬೆಲ್ಟು ಬಿಗಿಯಬೇಕು, ಅದು ಪದ್ಧತಿ. ಮಾರಿಸ್ತೇಲ ಸೀಟಿಗೆ ಜಾರಿದಳು. ಅವನು ಕಾರಿನ ಅಂಚಿಗೆ ಎಡ ಮೊಣಕಾಲೂರಿ ಬಗ್ಗಿ ಒಂದೊಂದೇ ಪಟ್ಟಿ ಎಳೆದು ಬಿಗಿದ. ಎಂಜಿನ್ನಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಹೆಲ್ಮೆಟ್ಟಿನ ಗಾಜಿನ ಹಿಂದೆ ಮುಖ ಕಾಣುವುದಿಲ್ಲ. ಅವಳು ಕೈಗವಸಿನ ಕೈಯಿಂದ ಅವನ ಎಡ ಮೊಣಕಾಲನ್ನು ಎರಡು ಸಲ ತಟ್ಟಿದಳು. ಅವನು ಹಿಂದೆ ಸರಿದ, ಕಾರು ಹೊರಟುಹೋಯಿತು.

"ಏನಂದ್ಲು?" ಎಂದು ಸೆಲ್ಸು ಕೇಳಿದ.

"ಕಾಲು ತಟ್ಟಿದ್ಲು."

"ಸರಿದು ನಿಲ್ಲು ಅಂದಿರ್ತಾಳೆ."

ಇರಬಹುದು. ಎಡಗಾಲಿನ ಗುಟ್ಟು ತಿಳಿಯಿತು ಎಂದೂ ಇರಬಹುದು. ಆಗ ಅವನಿಗೆ ಇನ್ನೊಂದು ಯೋಚನೆ ಬಂತು. ಗುಟ್ಟು ತಿಳಿದು, ಹಾಲಿಗೆ ಹೆದರಿ, ಅವಳೂ ಎಡಗಾಲಿನ ಆಟವನ್ನೇ ಆಡಿದರೆ? ಆಗ ಎಂಜಿನ್ನು ಅರಚುತ್ತಲೇ ಬೋಗುಣಿಗೆ ಇಳಿಯುತ್ತದೆ. ಅವಳು ಬ್ರೇಕು ಸವರಿದ್ದಾಳೋ, ಅರ್ಲಿಂದುವಿನ ಹಾಗೆ ಸುಮ್ಮನೆ ಒತ್ತಿದ್ದಾಳೋ, ಹೊರಗೆ ನಿಂತವನಿಗೆ ತಿಳಿಯುವುದೇ ಇಲ್ಲ. ಅವಳು ಗೋಪುರದ ಹತ್ತಿರ ಹೊರಬರುವ ತನಕ ಕಾಯಬೇಕು, ಪ್ರತಿ ಸುತ್ತಿನಲ್ಲೂ ಕಾಯಬೇಕು. ಇಷ್ಟು ವರ್ಷ ಝೆನಾಯ್ಡಿ ಇದನ್ನೇ ಅನುಭವಿಸಿದ್ದಳು, ಹೇಗಿರುತ್ತದೆಂದು ಒಂದು ದಿನವೂ ಅವನು ಅವಳನ್ನು ಕೇಳಿರಲಿಲ್ಲ.

ಕಾರು ನೆಟ್ಟಗಿನ ಹಾದಿಗೆ ಬಂತು. ಕೂಗು ಏರುತ್ತಾ ಹೋಯಿತು. ಇರಿನೇವು ಊರವರ ಹಾಗೆಯೇ ಕಣ್ಣು ಮುಚ್ಚಿದ. ಸೆಲ್ಸುವಿನ ತೋಳನ್ನು ಹಿಡಿದುಕೊಂಡಿದ್ದ, ಹಿಡಿದದ್ದು ಅವನಿಗೇ ಗೊತ್ತಿರಲಿಲ್ಲ. ಜಾಹೀರಾತಿನ ಹಲಗೆ ದಾಟಿರಬೇಕು. ಸದ್ದು ಇಳಿಯಲಿಲ್ಲ. ಇನ್ನೂ ಇಳಿಯಲಿಲ್ಲ.

ಆಮೇಲೆ ಇಳಿಯಿತು. ಕದ್ದುಮುಚ್ಚಿ ಅಲ್ಲ, ಊರಿಗೆಲ್ಲ ಕೇಳುವ ಹಾಗೆ, ದೊಡ್ಡದಾಗಿ, ನಿಧಾನವಾಗಿ. ಮತ್ತೆ ಏರಿತು, ಗೋಪುರ ದಾಟಿತು.

ಬೇಲಿಯಿಂದ ಯಾರೋ ಕೂಗಿದರು: "ಅಪ್ಪನ ಹಂಗೇ ಮಗಳು."

ಇರಿನೇವು ಹಳೇ ಟೈರಿನ ಮೇಲೆ ಕುಸಿದು ಕುಳಿತು ಅತ್ತ. ಸೆಲ್ಸು ತೋಳು ಉಜ್ಜಿಕೊಳ್ಳುತ್ತಾ ಕೇಳಿದ: "ಹಂಗಾದ್ರೆ ಅದು ನಿಜವಾಗ್ಲೂ ಸ್ವಿಚ್ಚೇನಾ?"

"ಸ್ವಿಚ್ಚೇ ಕಣೋ."

"ಥೂ ನಿನ್ನ. ನಾನು ಪಾಪ, ಆಮೆನ್ ಅಂತಿದ್ದೆ."

ಸಂಜೆ ಬಾರಿನಲ್ಲಿ ಒಸ್ಮಾರ್ ಎರಡು ಲೋಟ ಹಾಲು ತಂದಿಟ್ಟ. ಅಂಗಡಿಯ ಗೋಡೆಗೆ ಹೆಸರು ಬರೆಸಿದ್ದ ವೀರ ಹೀಗಾದನಲ್ಲ ಎಂದು ಅವನಿಗೆ ನಿಜವಾದ ದುಃಖ. ಯಾರೂ ನಗಲಿಲ್ಲ. ಇರಿನೇವು ಮಗಳ ಕಡೆ ನೋಡಿದ. ಹೆಲ್ಮೆಟ್ಟಿನ ಗೆರೆ ಅವಳ ಹಣೆಯ ಮೇಲೆ ಇನ್ನೂ ಕೆಂಪಗಿತ್ತು. ಅವಳು ಲೋಟ ಎತ್ತಿ ಗಟಗಟನೆ ಕುಡಿದು, ಮೂತಿಯ ಮೇಲಿನ ಕೆನೆಯನ್ನು ಹಿಂಗೈಯಿಂದ ಒರೆಸಿಕೊಂಡಳು.

"ಅಪ್ಪಾ, ಕುಡಿ. ಆರಿಹೋಗುತ್ತೆ."

ಅವನು ಕುಡಿದ. ಆ ರಾತ್ರಿ ಕುಡಿದ ಹಾಲು ಅವನ ಹೊಟ್ಟೆಗೆ ಆಗಿಬಂತು, ವಾಂತಿಯಾಗಲಿಲ್ಲ.