ಹಳೇ ಹೆಸರಿನ ಕೋವಿ

ನನ್ನ ಗಂಡ ಮೊದಲು ಪೀಣ್ಯದಲ್ಲಿ, ಆಮೇಲೆ ಈ ದೇಶಕ್ಕೆ ಬಂದು ಕ್ಯಾರೊಲಿನಾದಲ್ಲಿ, ಲೇತ್ ಮುಂದೆ ನಿಂತೇ ವಯಸ್ಸು ಕಳೆದವರು. ರಿಟೈರ್ ಆಗಿ ಆಲ್ಡಿ ಎಂಬ ಈ ಊರಿಗೆ ಬಂದರೂ ಕೈ ಸುಮ್ಮನಿರಲಿಲ್ಲ. ಕೊರೊನಾ ಬಂದು ಎಲ್ಲರೂ ಬಾಗಿಲು ಹಾಕಿಕೊಂಡು ಕೂತಾಗ ಬೇಸ್‌ಮೆಂಟಿನಲ್ಲಿ ಎರಡು ಹಳೆಯ ಲಿವರ್ ಕೋವಿ ಬಿಚ್ಚಿ ಹರಡಿಕೊಂಡರು. ಕೆಳಗಿರುವ ಕಬ್ಬಿಣದ ಬಳೆಯನ್ನು ಮುಂದಕ್ಕೆ ತಳ್ಳಿ ವಾಪಸ್ ಎಳೆದರೆ ಗುಂಡು ಹಾರಿ ಖಾಲಿಯಾದ ಹಿತ್ತಾಳೆ ತೋಟ ಹೊರಗೆ, ಗುಂಡಿರುವ ಹೊಸ ತೋಟ ಒಳಗೆ. ಅದೇ ಲಿವರ್.

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಎರಡರ ವ್ಯತ್ಯಾಸ ಕೇಳಿ ಕೇಳಿ ಕಿವಿ ತೂತಾಗಿತ್ತು. ಒಂದು ಖಾಲಿ ತೋಟವನ್ನು ಮೇಲಕ್ಕೆ ಉಗುಳುತ್ತದೆ, ಇನ್ನೊಂದು ಪಕ್ಕಕ್ಕೆ. ಮೇಲಕ್ಕೆ ಉಗುಳುವುದು ತೆಳು, ಕೈಯಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ನೆತ್ತಿ ತೆರೆದಿರುವುದರಿಂದ ದುರ್ಬೀನು ಹಾಕುವುದು ಕಷ್ಟ. ಪಕ್ಕಕ್ಕೆ ಉಗುಳುವುದು ಭಾರ, ನೆತ್ತಿ ಮುಚ್ಚಿದೆ, ಬಿಚ್ಚಿ ತೊಳೆಯುವುದು ಸಲೀಸು. ಯಾವುದು ಮೇಲು ಅಂತ ಅವರು ದಿನಾ ನನ್ನನ್ನು ಕೇಳುತ್ತಿದ್ದರು. ನನಗೇನು ಗೊತ್ತು? ಎರಡೂ ಕಸ ಗುಡಿಸಲು ಅಡ್ಡ.

ಎರಡಕ್ಕೂ ಒಂದೇ ತೋಟ, ತರ್ಟಿ-ತರ್ಟಿ ಅನ್ನುವುದು. ಆ ವರ್ಷ ಅಂಗಡಿಯಲ್ಲಿ ಅದು ಸಿಗಲಿಲ್ಲ. ತೋಟ ತಾನೇ ಮಾಡಿಕೊಳ್ಳುತ್ತೇನೆ ಅಂತ ಸೀಸ ಕರಗಿಸಲು ಶುರು ಮಾಡಿದರು. ಸೀಸಕ್ಕೆ ಅಗಲ ಬಾಯಿಯ ಹಳೇ ಕಾಲದ ತೋಟವೇ ವಾಸಿಯಂತೆ. ತೆಳು ಕೋವಿಯ ನಳಿಕೆಯನ್ನು ಅದಕ್ಕೆ ತಕ್ಕಂತೆ ಯಾರಿಂದಲೋ ಅಗಲ ಕೊರೆಸಿ ತಂದರು. ನಳಿಕೆಯ ಮೇಲೆ ಮಾತ್ರ ತರ್ಟಿ-ತರ್ಟಿ ಅಂತ ಹಳೇ ಹೆಸರೇ ಉಳಿಯಿತು.

"ಸಣ್ಣ ತೋಟ ಇದರೊಳಗೆ ಹೋಗತ್ತೇನ್ರೀ?"

"ಹೋಗತ್ತೆ. ಹೋಗಬಾರದು. ಹಿತ್ತಾಳೆ ಸೀಳಿ ಬಿಸಿ ಹೊಗೆ ಕಣ್ಣಿಗೇ ಬಂದೀತು."

"ಹಂಗಿದ್ರೆ ಹೆಸರು ಬದಲಾಯಿಸಿ."

"ನನಗೆ ಗೊತ್ತಲ್ಲ, ಸಾಕು. ನಿನ್ನ ಅಡುಗೆಮನೇಲಿ ಯಾವ ಡಬ್ಬದ ಮೇಲೆ ಬರೆದಿರೋದು ಒಳಗಿದೆ, ತೋರಿಸು ನೋಡೋಣ."

ಬಾಯಿ ಮುಚ್ಚಿಸಿಬಿಟ್ಟರು. ಬಿಸ್ಕತ್ತಿನ ಡಬ್ಬದಲ್ಲಿ ಸೂಜಿದಾರ, ಕಾಫಿ ಡಬ್ಬದಲ್ಲಿ ಹುರಿಗಡಲೆ, ಮೊಸರಿನ ಡಬ್ಬದಲ್ಲಿ ಕೈಗೆ ಸಿಕ್ಕಿದ್ದು. ನಮ್ಮವರ ಮನೆಯೆಲ್ಲ ಹೀಗೆಯೇ. ಒಳಗೇನಿದೆ ಅಂತ ಮನೆಯವರಿಗೆ ಗೊತ್ತಿರುತ್ತದೆ. ಅವರ ತೋಟಗಳೂ ಎರಡು ಮೊಸರಿನ ಡಬ್ಬದಲ್ಲಿದ್ದವು: ಒಂದರಲ್ಲಿ ಭಾರದ ಕೋವಿಗೆ ಸಣ್ಣವು, ಇನ್ನೊಂದರಲ್ಲಿ ತೆಳು ಕೋವಿಗೆ ಅಗಲ ಬಾಯಿಯವು.

ಮುಂದಿನ ವರ್ಷ ಎಲೆ ಉದುರುವ ಕಾಲಕ್ಕೆ ಮೈದುನ ಬಂದ. ಕ್ಯಾರೊಲಿನಾದ ರಿಸರ್ಚ್ ಟ್ರಯಾಂಗಲ್ ಕಡೆ ಅವನಿಗೆ ಕೆಲಸ, ಮನೆಯೂ ಅಲ್ಲೇ. ತೆಳು ಕೋವಿಯನ್ನು ಅವನಿಗೆ ಕೊಡುವುದೆಂದು ಮೊದಲೇ ಮಾತಾಗಿತ್ತು. ಅವನು ಬಂದಾಗ ನನ್ನ ಗಂಡ ಫ್ಲೂ ಶಾಟ್ ಚುಚ್ಚಿಸಿಕೊಳ್ಳಲು ಹೋಗಿದ್ದರು.

"ಅಣ್ಣ ಬರೋವರ್ಗೂ ಇರೋ."

"ಅಣ್ಣ ಬಂದ್ರೆ ಲೆಕ್ಚರ್ ಶುರು ಮಾಡ್ತಾನೆ ಅತ್ತಿಗೆ. ರಿಚ್‌ಮಂಡ್ ಹತ್ರ ಫ್ರೆಂಡ್ ಫಾರ್ಮ್ ಇದೆ, ಅಲ್ಲಿ ಟ್ರೈ ಮಾಡಿ ಹಂಗೇ ಮನೆಗೆ ಡ್ರೈವ್ ಮಾಡ್ತೀನಿ."

ಕೆಳಗೆ ಹೋದ, ಕೋವಿಯನ್ನೂ ಒಂದು ಡಬ್ಬವನ್ನೂ ತಂದ, ಕಾರಿಗೆ ಹಾಕಿಕೊಂಡು ಹೊರಟ. ನಾನು ಒಲೆಯ ಮುಂದಿದ್ದೆ.

ಹೋದ ಮೇಲೆ ಮನಸ್ಸು ತಡೆಯಲಿಲ್ಲ. ಒಲೆ ಆರಿಸಿ ಕೆಳಗಿಳಿದೆ. ಉಳಿದಿದ್ದ ಡಬ್ಬ ತೆಗೆದರೆ ಎಲ್ಲ ಅಗಲ ಬಾಯಿಯವು. ಅವನು ನಳಿಕೆಯ ಮೇಲಿನ ಹೆಸರು ಓದಿ, ತಳದಲ್ಲಿ ಅದೇ ಹೆಸರಿದ್ದ ಸಣ್ಣವನ್ನು ಒಯ್ದಿದ್ದ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ನನಗೆ ಮೆಸೇಜು ಬರೆಯಲು ಬಾರದು. ಮೈಕಿನ ಗುಂಡಿ ಒತ್ತಿ, "ಹಾರಿಸಬೇಡ ಕಣೋ, ಅದು ಬೇರೆ ತೋಟ," ಅಂತ ಕೂಗಿದೆ. ಮೆಸೇಜಿನ ಪಕ್ಕ ಟಿಕ್ ಗೀಟು ಒಂದೇ ಬಿತ್ತು, ಎರಡು ಬಿದ್ದರೆ ತಾನೇ ತಲುಪಿದ ಹಾಗೆ. ಕೂತೆ, ಎದ್ದೆ, ಬಾಗಿಲಿಗೆ ಹೋದೆ, ಬಂದೆ.

ಇವರು ಬಂದರು. ಹೇಳಿದೆ. ಮುಖ ಬೂದಿಯಾಯಿತು.

"ನೀನ್ಯಾಕೆ ಬಿಟ್ಟೆ?"

"ನೀವ್ಯಾಕೆ ಹೆಸರು ಅಳಿಸಲಿಲ್ಲ? ಕಾರ್ ತೆಗೀರಿ."

ಫಾರ್ಮಿನವನ ವಿಳಾಸ ಇವರ ಫೋನಿನಲ್ಲಿತ್ತು. ಫೇರ್‌ಫ್ಯಾಕ್ಸ್ ದಾಟಲೇ ಯುಗವಾಯಿತು. ಮುಂದೆ ತೊಂಬತ್ತೈದನೇ ರಸ್ತೆಯಲ್ಲಿ ಕಾರುಗಳು ಇರುವೆಯಂತೆ ಹರಿಯುತ್ತಿದ್ದವು. ಇವರು ಒಂದೇ ಸಮ ಲೇನ್ ಬದಲಾಯಿಸುತ್ತಿದ್ದರು. ನಾನು ಫೋನ್ ಒತ್ತುತ್ತಲೇ ಇದ್ದೆ.

ಫ್ರೆಡರಿಕ್ಸ್‌ಬರ್ಗ್ ದಾಟಿದ ಮೇಲೆ ಮೈದುನನೇ ಇವರ ಫೋನಿಗೆ ಮಾಡಿದ. ಸ್ಪೀಕರಿಗೆ ಹಾಕಿದೆ.

"ಅಣ್ಣ, ಇದೇನು ಗನ್ನೋ! ಒಂದ್ ಹಾರಿಸ್ದೆ, ತೋಟ ಬಾಳೆಹಣ್ಣಿನ ಸಿಪ್ಪೆ ಥರ ಸುಲ್ಕೊಂಡು ಬಂತು. ಮುಖ ಎಲ್ಲ ಮಸಿ."

"ಕಣ್ಣು?"

"ಗ್ಲಾಸಸ್ ಹಾಕ್ಕೊಂಡಿದ್ದೆ."

"ಕಣ್ಣು ಹೇಳೋ."

"ಕಾಣ್ತಿದೆ ಅಣ್ಣ. ಎರಡೂ ಕಾಣ್ತಿದೆ. ಫ್ರೆಂಡ್ ನಗ್ತಿದಾನೆ, ಅದೂ ಕಾಣ್ತಿದೆ."

ಅವನೂ ನಕ್ಕ. ಇವರು ನಗಲಿಲ್ಲ. ಬದಿಗೆ ಕಾರು ನಿಲ್ಲಿಸಿ ಸ್ಟಿಯರಿಂಗ್ ಹಿಡಿದುಕೊಂಡೇ ಕೂತರು. ಆಮೇಲೆ, "ತಿರುಗಿಸಲಾ?" ಅಂದರು.

"ಬೇಡ. ನಡೀರಿ. ಇವತ್ತು ನಕ್ಕಿದಾನೆ, ನಾಳೆ ಇನ್ನೊಂದು ಹಾಕಿ ನೋಡ್ತಾನೆ."

ಫಾರ್ಮಿನಲ್ಲಿ ಮೈದುನ ಮುಖ ತೊಳೆದು ನಿಂತಿದ್ದ. ಹುಬ್ಬು ಒಂದು ಕಡೆ ಸುಟ್ಟಿತ್ತು. "ಅತ್ತಿಗೆ, ಇಷ್ಟಕ್ಕೆಲ್ಲ ಯಾಕೆ ಬರೋಕೆ ಹೋದ್ರಿ?" ಅಂದ. ಅವನ ಕೈಯಿಂದ ಕೋವಿ ಕಿತ್ತುಕೊಂಡು, ಲಿವರ್ ಇಳಿಸಿ, ಒಳಗೆ ಬೆರಳು ಹಾಕಿ ಖಾಲಿ ಇದೆಯೇ ನೋಡಿದೆ. ಆಮೇಲೆ ನಮ್ಮ ಕಾರಿನ ಡಿಕ್ಕಿಯಲ್ಲಿ ಮಲಗಿಸಿ ನಾನೇ ಬಾಗಿಲು ಹಾಕಿದೆ.